ಆ ಅಕ್ಕ ನಿನ್ನನ್ನೇ ಕೇಳಿದ್ದರು

ಜಯಾ, ಆ ಅಕ್ಕ ನಿನ್ನನ್ನು ಬೇಡ ಎಂದಿರಲಿಲ್ಲ. ನಾನು ಸುಳ್ಳು ಹೇಳಿದೆ. ಆರು ವರ್ಷದಿಂದ ಈ ಮಾತನ್ನು ನುಂಗಿಕೊಂಡು, ಜಾಲಹಳ್ಳಿಯ ಅದೇ ಕೋಣೆಯಲ್ಲಿ ನಿಂತು, ಮನೋಚಿಕಿತ್ಸೆ ಕಲಿಯಲು ಬಂದವರಿಗೆ ಎದುರಿಗೆ ಕೂತವರ ಮಾತನ್ನು ಹೇಗೆ ಕೇಳಿಸಿಕೊಳ್ಳಬೇಕೆಂದು ಪಾಠ ಹೇಳುತ್ತಿದ್ದೇನೆ. ನನ್ನ ಮುಖಕ್ಕಿಷ್ಟು ಬೆಂಕಿ ಹಾಕ!

ನಿನಗೆ ನೆನಪಿರುತ್ತದೆ — ಶನಿವಾರ ಮಧ್ಯಾಹ್ನ ಪೀಣ್ಯದ ಫ್ಯಾಕ್ಟರಿಗಳ ಹೆಂಗಸರು ಕಷ್ಟ ಹೇಳಿಕೊಳ್ಳಲು ಬರುತ್ತಿದ್ದರು. ತರಬೇತಿಗೆ ಬಂದ ನೀವು ಅವರೆದುರು ಕೂರುವುದು. ನಾನು ಮೂಲೆಯ ಕುರ್ಚಿಯಲ್ಲಿ ಫಾರಂ ಹಿಡಿದು ಅಂಕ ಹಾಕುವುದು. ಆ ಗಾರ್ಮೆಂಟ್ಸ್ ಅಕ್ಕ ನಿನ್ನ ಬಳಿ ಬರುವ ಮೊದಲು ಮೂರು ವಾರ ನನ್ನೆದುರೇ ಕೂತಿದ್ದರು. ಮುಂದಕ್ಕೆ ಬಾಗಿದೆ, ತಲೆಯಾಡಿಸಿದೆ, "ನಿಮಗೆ ಹೇಗನ್ನಿಸುತ್ತಿದೆ?" ಎಂದು ಮೆತ್ತಗೆ ಕೇಳಿದೆ — ಪುಸ್ತಕದಲ್ಲಿದ್ದದ್ದೆಲ್ಲ ಮಾಡಿದೆ. ಆಕೆ ಬಾಯಿ ಬಿಡಲಿಲ್ಲ. ನಾಲ್ಕನೇ ವಾರ ನಿನ್ನನ್ನು ಕೂರಿಸಿದೆ, ನೀನೂ ಸೋಲಲಿ ಎಂದೇ — ಹೌದು, ಅದನ್ನೂ ಹೇಳಿಬಿಡುತ್ತೇನೆ.

ನೀನು ಕುರ್ಚಿಯನ್ನು ಎಳೆದು ಆಕೆಯ ಪಕ್ಕಕ್ಕೆ ಹಾಕಿಕೊಂಡೆ. "ಊಟ ಆಯ್ತೇನಕ್ಕಾ? ಬಾಕ್ಸ್‌ಗೆ ಏನ್ ಆಕ್ಕೊಂಡ್ ಬಂದಿದ್ರಿ?" ಎಂದೆ. ಮಾದನಾಯಕನಹಳ್ಳಿಯಲ್ಲಿ ನಿಮ್ಮ ಬಾಡಿಗೆ ಮನೆಗಳ ಹೆಂಗಸರ ಜೊತೆ ನಲ್ಲಿ ಹತ್ತಿರ ನಿಂತು ಮಾತಾಡುತ್ತೀನಿ ಎನ್ನುತ್ತಿದ್ದೆಯಲ್ಲ, ಹಾಗೆ.

"ಚಿತ್ರಾನ್ನ. ತಿನ್ನೋಕಾಗ್ಲಿಲ್ಲ, ಹಂಗೇ ಮುಚ್ಚಿಟ್ಟೆ," ಎಂದರು ಆಕೆ.

ನೀನು ಯಾಕೆ ಎಂದು ಕೇಳಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಆಕೆ ಅತ್ತರು, ಹೇಳಿದರು — ಏನೆಂದು ಇಲ್ಲಿ ಬರೆಯುವ ಹಕ್ಕು ನನಗಿಲ್ಲ. ಮೂಲೆಯಲ್ಲಿ ಕೂತ ನನಗೆ ಸಹಿಸಲಾಗಲಿಲ್ಲ. ಇಷ್ಟು ವರ್ಷದ ಅನುಭವದವಳು ನಾನು. ನೀನು ನಿನ್ನೆ ಮೊನ್ನೆ ಬಂದವಳು! ಫಾರಂನಲ್ಲಿ "ಮಿತಿ ಮೀರಿದ ಸಲುಗೆ" ಎಂದು ಬರೆದು ನಿನ್ನನ್ನು ಫೇಲು ಮಾಡಿದೆ.

ಹೋಗುವಾಗ ಆಕೆ ಮೆಟ್ಟಿಲ ಬಳಿ ನನ್ನ ಕೈ ಹಿಡಿದು, "ಮುಂದಿನ್ ವಾರಾನೂ ಆ ಹುಡ್ಗೀನೇ ಕೂರ್ಸಿ ಮೇಡಂ" ಎಂದರು. ಸೋಮವಾರ ನಾನು ನಿನಗೆ ಹೇಳಿದ್ದು: "ಆ ಹೆಂಗಸು ಇನ್ನು ನಿನ್ ಹತ್ರ ಕೂರಲ್ವಂತೆ. ಹರಟೆ ಹೊಡೆಯೋಕೆ ನಾನ್ ಬಂದಿರ್ಲಿಲ್ಲ ಅಂದ್ರು."

ನಿನ್ನ ಮುಖ ಸಣ್ಣದಾಯಿತು. "ಅಂಗಾರೆ ನನ್ನಿಂದ ಅವ್ರಿಗೆ ನೋವಾಯ್ತಾ ಮೇಡಂ?"

ಹೌದು ಎಂದೆ. ವಾರ ತುಂಬುವ ಮೊದಲೇ ನೀನು ಕೋರ್ಸ್ ಬಿಟ್ಟೆ. ಆ ಶನಿವಾರ ಆಕೆ ಬಂದು ಬೆಂಚಿನ ಮೇಲೆ ನಿನಗಾಗಿ ಕಾದರು. "ಅವಳಿಗೆ ಆಸಕ್ತಿ ಇರ್ಲಿಲ್ಲ, ಬಿಟ್ಟು ಹೋದ್ಲು" ಎಂದೆ. ನನ್ನ ಜೊತೆ ಕೂರಿ ಎಂದರೆ ಬೇಡ ಎಂದು ಎದ್ದು ಹೋದರು. ಮತ್ತೆ ಬರಲಿಲ್ಲ. ಅವರ ನಂಬರ್ ಫೈಲಿನಲ್ಲಿಯೇ ಇತ್ತು — ಒಂದು ಫೋನ್ ಮಾಡಲಿಲ್ಲ ನಾನು.

ಕಳೆದ ವಾರ ನಾಗಸಂದ್ರ ಮೆಟ್ರೊ ಮೆಟ್ಟಿಲ ಮೇಲೆ ನೀನೇ ನನ್ನನ್ನು ಗುರುತು ಹಿಡಿದೆ. ಕೊರಳಲ್ಲಿ ಯಾವುದೋ ಗೋದಾಮಿನ ಐಡಿ ಕಾರ್ಡು. ಬೈಯುತ್ತೀಯೆಂದುಕೊಂಡೆ — ಬೈದಿದ್ದರೆ ಚೆನ್ನಾಗಿತ್ತು. "ಚೆನ್ನಾಗಿದ್ದೀರಾ ಮೇಡಂ?" ಎಂದವಳು ಮರುಕ್ಷಣವೇ ಕೇಳಿದೆ: "ಆ ಅಕ್ಕ ಆಮೇಲೆ ಉಸಾರಾದ್ರಾ?"

"ಹೂಂ, ಚೆನ್ನಾಗಿದ್ದಾರೆ ಕಣೆ" ಎಂದೆ. ಎಷ್ಟು ಸಲೀಸಾಗಿ!

"ಸದ್ಯ," ಎಂದು ನೀನು ಉಸಿರು ಬಿಟ್ಟೆ.

ನಾನು ಕ್ಷಮೆ ಕೇಳುತ್ತಿಲ್ಲ, ಕೊಡಲೂ ಬೇಡ. ಬರುವ ಶನಿವಾರ ತರಗತಿಯಲ್ಲಿ ನಿನ್ನ ಫಾರಂ ಎತ್ತಿ ತೋರಿಸಿ, ಕೆಳಗೆ ಸಹಿ ಹಾಕಿದವಳು ಏನು ಮಾಡಿದಳೆಂದು ಹೇಳುತ್ತೇನೆ. ಫೈಲಿನಲ್ಲಿದ್ದ ನಂಬರಿಗೆ ನಿನ್ನೆ ಫೋನ್ ಮಾಡಿದೆ. ಅದೀಗ ಬೇರೆ ಯಾರದೋ ನಂಬರಂತೆ. ಆ ಅಕ್ಕ ಉಷಾರಾದರೋ, ಇಲ್ಲವೋ — ನನಗೆ ಗೊತ್ತಿಲ್ಲ, ಜಯಾ.