ಗಾಳಿ ಸತ್ತ ಮೇಲಿನ ಮಳೆ

ಮಳೆ ಹಿಡಿದ ಮೂರನೆಯ ದಿನ ಮಾನ್ವಿಯಲ್ಲಿ ಗೋಡೆಗಳು ಬೀಳತೊಡಗಿದವು. ಗುಡುಗಿನ ಸದ್ದಲ್ಲ, ಗಾಳಿಯ ಸದ್ದೂ ಅಲ್ಲ. ಒದ್ದೆ ಚೀಲವನ್ನು ಬಂಡಿಯಿಂದ ನೆಲಕ್ಕೆ ಕೆಡವಿದಂತಹ ಒಂದು ಸದ್ದು, ಅದರ ಹಿಂದೆಯೇ ಯಾರದೋ ಕೂಗು. ಊರ ಹೊರಗಿನ ತನ್ನ ಗುಡಿಸಲಿನಲ್ಲಿ ಹಸಿ ಕಟ್ಟಿಗೆಗೆ ಬೆಂಕಿ ಹತ್ತಿಸಲು ಹೆಣಗುತ್ತಿದ್ದ ಮಾನಮ್ಮ ಪ್ರತಿ ಸಲವೂ ಊದುವುದನ್ನು ನಿಲ್ಲಿಸಿ ಕಿವಿಗೊಡುತ್ತಿದ್ದಳು. ಯಾವ ಓಣಿ? ಯಾರ ಮನೆ? ಊರಿನ ಅರ್ಧ ಮಾಳಿಗೆಗಳಿಗೆ ಮಣ್ಣು ಹಾಕಿದವಳು ಅವಳೇ.

ಮಾನಮ್ಮ ನನ್ನ ತಾಯಿಯ ತಾಯಿ. ನೀರಮಾನ್ವಿಯಲ್ಲಿ ಹುಟ್ಟಿ, ಮದುವೆಯಾಗಿ ಮಾನ್ವಿಗೆ ಬಂದವಳು. ನಮ್ಮ ಕಡೆಯ ಹಳೆಯ ಮನೆಗಳಿಗೆ ಹಂಚಿಲ್ಲ. ಗೋಡೆಯಿಂದ ಗೋಡೆಗೆ ದಪ್ಪ ತೊಲೆ, ತೊಲೆಯ ಮೇಲೆ ಅಡ್ಡಡ್ಡವಾಗಿ ಜಂತಿ, ಜಂತಿಯ ಮೇಲೆ ತೊಗರಿ ಕಟ್ಟಿಗೆ, ಬೇವಿನ ಸೊಪ್ಪು, ಎಲ್ಲಕ್ಕೂ ಮೇಲೆ ಮಣ್ಣು. ಈ ಮಟ್ಟಸವಾದ ಮಣ್ಣಿನ ಸೂರಿಗೇ ನಾವು ಮಾಳಿಗೆ ಎನ್ನುವುದು. ಕೊನೆಯ ಪದರಕ್ಕೆ ಹಳ್ಳದ ದಂಡೆಯ ಕರಲು ಮಣ್ಣೇ ಆಗಬೇಕು. ಉಪ್ಪಿನ ಅಂಶವಿರುವ ಆ ಮಣ್ಣು ಬೇಗ ನೀರು ಕುಡಿಯುವುದಿಲ್ಲ. ಪ್ರತಿ ವರ್ಷ ಮುಂಗಾರಿಗೆ ಮೊದಲು ಅದನ್ನು ಪುಟ್ಟಿಯಲ್ಲಿ ಹೊತ್ತು, ಓಣಿಯಲ್ಲಿ ಇಟ್ಟ ನಿಚ್ಚಣಿಕೆ ಹತ್ತಿ, ಮಾಳಿಗೆಯ ಮೇಲೆ ಹರಡಿ ತುಳಿಯುವುದು ಅವಳ ಕೆಲಸ. ಅತ್ತೆ ವೆಂಕಮ್ಮನಿಂದ ಕಲಿತದ್ದು. "ಕಣ್ಣಿಂದ ನೋಡಬ್ಯಾಡ, ಹಿಮ್ಮಡಿಯಿಂದ ನೋಡು" ಎನ್ನುತ್ತಿದ್ದಳಂತೆ ವೆಂಕಮ್ಮ. ಕೂಲಿಯ ಜೋಳವನ್ನು ಹೊಸ್ತಿಲ ಹೊರಗೆ ಅಳೆದು ಹಾಕುತ್ತಿದ್ದರು. ಒಳಗೆ ಕರೆಯುವ ಪದ್ಧತಿ ಇರಲಿಲ್ಲ. ದೇವರ ಮನೆಯ ನೆತ್ತಿಯ ಮೇಲೂ ಓಡಾಡಿದ ಮಾನಮ್ಮ ಆ ಮಾಳಿಗೆಗಳನ್ನು ಕೆಳಗಿನಿಂದ ಒಮ್ಮೆಯೂ ಕಂಡಿರಲಿಲ್ಲ.

ಅದು ನಿಜಾಮರ ಆಡಳಿತದ ಕೊನೆಯ ವರ್ಷಗಳಲ್ಲಿ ಒಂದು. ಮಹಾಯುದ್ಧದಿಂದಾಗಿ ಸೀಮೆಎಣ್ಣೆಗೂ ಬರ. ದಸರೆ ಮುಗಿದು ಊರು ದೀಪಾವಳಿಯ ಕಡೆ ನೋಡುತ್ತಿದ್ದಾಗ ಮೂಡಣದಿಂದ ಈ ಮಳೆ ಬಂತು. ಬಂಗಾಳ ಕೊಲ್ಲಿಯಲ್ಲಿ ಏಳುವ ಸುಳಿಗಳೆಲ್ಲ ದೊಡ್ಡ ಬಿರುಗಾಳಿ ಆಗುವುದಿಲ್ಲ ಎಂದು ಈಗ ನಾವು ಪುಸ್ತಕದಲ್ಲಿ ಓದುತ್ತೇವೆ. ಎಷ್ಟೋ ಸುಳಿಗಳು ವಾಯುಭಾರ ಕುಸಿತವಾಗಿಯೇ ಕರಾವಳಿ ದಾಟಿ, ಇದ್ದಷ್ಟು ಗಾಳಿಯನ್ನೂ ಕಳೆದುಕೊಂಡು, ಮೋಡವನ್ನು ಮಾತ್ರ ಎಳೆದುಕೊಂಡು ಒಳನಾಡಿಗೆ ಬರುತ್ತವೆ. ಮರ ಮುರಿಯುವುದಿಲ್ಲ, ಹಂಚು ಹಾರುವುದಿಲ್ಲ. ಹಗಲೂ ರಾತ್ರಿ ಒಂದೇ ಸಮನೆ ಜಿನುಗುತ್ತದೆ, ಅಷ್ಟೆ. ರಾಯಚೂರಿನ ತೆಲುಗು ಮಂದಿ ಅದನ್ನು ಮುಸುರು ಎನ್ನುತ್ತಾರೆ. ಜೋರು ಮಳೆ ಮಾಳಿಗೆಯ ಮೇಲಿಂದ ಹರಿದು ಹೋಗುತ್ತದೆ. ಮುಸುರು ಹೋಗುವುದಿಲ್ಲ, ಇಳಿಯುತ್ತದೆ. ಕರಲು ಮಣ್ಣೂ ಕೊನೆಗೆ ಸೋಲುತ್ತದೆ.

ಮಧ್ಯಾಹ್ನದ ಹೊತ್ತಿಗೆ ಗುಡಿಸಲ ಮುಂದೆ ಒಂದು ಗೋಣಿಚೀಲದ ಕೊಪ್ಪೆ ಬಂದು ನಿಂತಿತು. ಒಳಗೆ ಮುಖ ಮಾತ್ರ ಕಾಣುತ್ತಿತ್ತು. ಗುಡಿಯ ಪೂಜೆಯ ಜೊತೆಗೆ ಮಕ್ಕಳಿಗೆ ಪಾಠ ಹೇಳುವ ಪ್ರಾಣೇಶಾಚಾರ್ಯ.

"ಮಾನಮ್ಮಾ, ಬಾಣಂತಿ ಖೋಲ್ಯಾಗ ಸೋರಲಿಕತ್ತದ. ಲಗೂನ ಒಂದೆರಡು ಪುಟ್ಟಿ ಮಣ್ಣು ಹಾಕಿ ಬಾ."

"ಈ ಮಳ್ಯಾಗ ಮಣ್ಣು ಎಲ್ಲಿ ಕುಂದ್ರತದ್ರೀ ಆಚಾರ್ರ?"

"ನಾ ಮೊನ್ನೆ ರಾಯಚೂರಿಂದ ಬಂದೆ. ಸಮುದ್ರದಾಗಿನ ಗಾಳಿ ಸತ್ತದ, ಅಂಜೂದು ಬ್ಯಾಡ ಅಂತ ಸ್ಟೇಶನ್ನಿನಾಗ ಎಲ್ಲಾರೂ ಹೇಳಲಿಕತ್ತಿದ್ರು."

"ಗಾಳಿ ಸತ್ತದ್ದು ಮಳಿಗೆ ಯಾರು ಹೇಳ್ಬೇಕ್ರೀ ಮತ್ತ?" ಎನ್ನುತ್ತ ಮಾನಮ್ಮ ಸಲಿಕೆ ತೆಗೆದುಕೊಂಡಳು. ಗಂಡ ಅಯ್ಯಪ್ಪ ಕಲ್ಲು ಒಡೆಯುವ ಕೆಲಸಕ್ಕೆಂದು ದೇವದುರ್ಗಕ್ಕೆ ಹೋಗಿದ್ದ. ಹಳ್ಳಗಳೆಲ್ಲ ತುಂಬಿದ್ದರಿಂದ ಅವನು ಬರುವ ಮಾತಿರಲಿಲ್ಲ. ಗುಡಿಸಲ ಮೂಲೆಯಲ್ಲಿ ಚೀಲ ಮುಚ್ಚಿ ಇಟ್ಟಿದ್ದ ಕರಲು ಮಣ್ಣನ್ನು ಪುಟ್ಟಿಗೆ ತುಂಬಿ ತಲೆಯ ಮೇಲೆ ಇಟ್ಟುಕೊಂಡು ಅವಳೊಬ್ಬಳೇ ಹೊರಟಳು.

ಆಚಾರ್ಯರ ಮನೆಯೂ ಪಕ್ಕದ ವಾಹಿದಾಳ ಮನೆಯೂ ಒಂದಕ್ಕೊಂದು ಅಂಟಿಕೊಂಡಿದ್ದವು. ಮಾಳಿಗೆಯಿಂದ ಮಾಳಿಗೆಗೆ ಹೆಜ್ಜೆ ಹಾಕಿ ಹೋಗಬಹುದಿತ್ತು. ಮಾನಮ್ಮ ನಿಚ್ಚಣಿಕೆ ಹತ್ತಿದಾಗ ಮೊದಲು ಕಂಡದ್ದು ನೀರು. ಅದು ನೀರು ಹೊರಬೀಳುವ ಅಂಚಿನ ನಾಳಿಗೆಯ ಕಡೆ ಹರಿಯದೆ ಮಾಳಿಗೆಯ ನಟ್ಟನಡುವೆ ತಟ್ಟೆಯಲ್ಲಿ ನಿಂತಂತೆ ನಿಂತಿತ್ತು. ಅಂದರೆ ನಡು ಕುಸಿದಿದೆ. ಅವಳು ಒಂದು ಕಾಲಿಟ್ಟಳು. ಹಿಮ್ಮಡಿ ನಾದಿದ ಹಿಟ್ಟಿನಲ್ಲಿ ಇಳಿದಂತೆ ಇಳಿಯಿತು.

ಆದರೂ ಸೋರುವ ಮಾಳಿಗೆಗೆ ಮಣ್ಣು ಹಾಕುವುದು ಬಿಟ್ಟು ಬೇರೆ ಮದ್ದು ಅವಳಿಗೆ ಗೊತ್ತಿರಲಿಲ್ಲ. ಪುಟ್ಟಿಯನ್ನು ಅಲ್ಲಿಯೇ ಬೋರಲು ಹಾಕಿದಳು.

ಕೆಳಗಿನಿಂದ 'ಕರ್ರ್' ಎಂಬ ಸದ್ದು ಬಂತು. ಅದರ ಬೆನ್ನಿಗೇ ಬೆಳಕಿಂಡಿಯಿಂದ, ಎಂದರೆ ಕೋಣೆಗೆ ಬೆಳಕು ಬೀಳಲು ಮಾಳಿಗೆಯಲ್ಲಿ ಬಿಟ್ಟ ಕಿಂಡಿಯಿಂದ, ಆಚಾರ್ಯರ ತಾಯಿ ಭಾಗೀರಥಿಬಾಯಿ ಕೂಗಿದರು: "ಯಾರದು ಮ್ಯಾಲೆ? ಏನು ಒಗದಿ? ತೊಲಿ ಸೀಳಲಿಕತ್ತದ!"

ಮಾನಮ್ಮ ಕಿಂಡಿಗೆ ಮುಚ್ಚಿದ್ದ ಮಡಕೆಯನ್ನು ಸರಿಸಿ ಬಗ್ಗಿದಳು. ಕತ್ತಲೆಯಲ್ಲಿ ಮೇಲೆತ್ತಿದ ಒಂದು ಮುಖ ಮಾತ್ರ ಕಂಡಿತು.

"ನಾನ್ರೀ ಅವ್ವಾರ, ಮಾನಮ್ಮ. ಕೂಸು ಬಾಣಂತಿ ಕರಕೊಂಡು ಹೊರಗ ಬರ್ರಿ, ಈಗಿಂದೀಗ!"

"ಬಾಗಿಲಾ ತಗೀಲಿಕ್ಕೇ ಬರವಲ್ದಲ್ಲೇ! ಗೋಡಿ ಕುಂತು ಚೌಕಟ್ಟು ಹಿಡಕೊಂಡದ."

ಮನೆ ಸೇರಿದ್ದ ಪ್ರಾಣೇಶಾಚಾರ್ಯರು ಹೊರಗಿನಿಂದ ಆ ಬಾಗಿಲಿಗೆ ಭುಜ ಕೊಟ್ಟು ಗುದ್ದಿದರು. ಮಾಳಿಗೆ ಪೂರ್ತಿ ನಡುಗಿತು. ಬಾಗಿಲ ಮೇಲಿನ ಆ ಗೋಡೆಯ ಮೇಲೆಯೇ ತೊಲೆಯ ತುದಿ ಕುಳಿತಿತ್ತು.

"ಆಚಾರ್ರ, ನಿಮ್ಮ ಕಾಲಿಗೆ ಬೀಳ್ತೀನಿ, ದೂಡಬ್ಯಾಡ್ರಿ!" ಮಾನಮ್ಮ ಕಿರುಚಿದಳು.

ಗುದ್ದುವುದು ನಿಂತಿತು. ಈಗ ಮಳೆಯ ಜಿನುಗು ಮತ್ತು ತೊಲೆಯ ನರಳುವಿಕೆ ಎರಡೇ ಕೇಳುತ್ತಿದ್ದವು. ಒಳಗೆ ಮೂವರು: ಭಾಗೀರಥಿಬಾಯಿ, ಜ್ವರದಲ್ಲಿದ್ದ ಸೊಸೆ ಕಾವೇರಿಬಾಯಿ, ಇನ್ನೂ ಹೆಸರಿಡದ ಗಂಡುಕೂಸು. ಮೇಲಿದ್ದ ಮಾನಮ್ಮನೂ ಆ ತೊಲೆಗೆ ಒಂದು ಭಾರವೇ.

"ಅವ್ವಾರ, ಭಾರ ಇಳಸಬೇಕು. ತೊಲಿ ಎಲ್ಲಿ ಹಾಯ್ದದ? ಗೋಡಿ ಯಾವ ಕಡಿ ಅವ? ನಾ ಎಲ್ಲಿ ಕಾಲಿಡ್ಲಿ?"

"ಇಷ್ಟು ವರ್ಷ ಮಣ್ಣು ಹಾಕಿದಿ, ಅಷ್ಟೂ ಗೊತ್ತಿಲ್ಲೇನ ನಿನಗ?"

"ಒಳಗ ಯಾವಾಗ ಕರದೀರ್ರೀ, ಗೊತ್ತಾಗಾಕ?"

ಕೆಳಗಿನಿಂದ 'ಟಕ್' ಎಂದಿತು. ಕೋಣೆಯ ಮೂಲೆಯಲ್ಲಿ ಒರಳುಕಲ್ಲಿನ ಬಳಿ ಇದ್ದ ಒನಕೆಯನ್ನೆತ್ತಿ ಭಾಗೀರಥಿಬಾಯಿ ಗೋಡೆಯಂಚಿನ ಜಂತಿಗೆ ಮೆಲ್ಲಗೆ ತಟ್ಟಿದ್ದರು. "ಇಲ್ಲಿ ಗೋಡಿ. ಕೇಳಸ್ತೇನು?"

"ಕೇಳಸ್ತ್ರೀ."

ಟಕ್. "ಇಲ್ಲೂ ಗೋಡಿ."

ಹೀಗೆ ಕೆಳಗಿನ ಸದ್ದು ಹಿಡಿದು ಮೇಲೆ ಒಂದು ದಾರಿ ಆಯಿತು. ಸದ್ದು ಬಂದಲ್ಲಿ ಮಾತ್ರ ಮಾನಮ್ಮ ಹೆಜ್ಜೆ ಇಟ್ಟಳು. ಗೋಡೆಯ ನೆತ್ತಿಯ ಮೇಲೆ ಕುಕ್ಕರಗಾಲಲ್ಲಿ ಕುಳಿತು, ನಿಂತ ನೀರನ್ನು ಮೊದಲು ನಾಳಿಗೆಯ ಕಡೆ ಹರಿಯಬಿಟ್ಟಳು. ಆಮೇಲೆ ಸಲಿಕೆಯಿಂದ ಮಣ್ಣು ಕಡಿದಳು. ಕಡಿದ ಕಡೆ ಪದರದ ಮೇಲೆ ಪದರ ಕಂಡವು, ಒಂದರ ಮೇಲೊಂದು ಪೇರಿಸಿಟ್ಟ ರೊಟ್ಟಿಗಳಂತೆ. ಮೇಲಿನವು ಅವಳು ಹಾಕಿದ್ದು. ಕೆಳಗಿನವು ವೆಂಕಮ್ಮ ಹಾಕಿದ್ದು. ಹಳೆಯದನ್ನು ತೆಗೆಯದೆ ಪ್ರತಿ ವರ್ಷ ಹೊಸದನ್ನು ಹಾಕುತ್ತಲೇ ಬಂದಿದ್ದರು. ಒಣಗಿದ್ದಾಗ ತೊಲೆ ಹೊತ್ತಿತ್ತು. ಈಗ ಆ ಎಲ್ಲ ವರ್ಷಗಳೂ ನೀರು ಕುಡಿದಿದ್ದವು.

"ಅವ್ವಾರ, ಹಳೇ ಮಣ್ಣೆಲ್ಲಾ ತಗದು ಓಣಿಗೆ ಚೆಲ್ತೀನಿ."

"ಅಯ್ಯ, ಮನಿ ಮ್ಯಾಲಿನ ಮಣ್ಣು ಹೊರಗ ಚೆಲ್ಲಬಾರದು, ಸಿರಿ ಹೋಗ್ತದ ಅಂತ ನಮ್ಮ ಅತ್ತಿಯವರು..."

"ನಿಮ್ಮ ಅತ್ತಿಯವರ ಮಾತಿನ ಭಾರಾನೂ ಇದರ ಮ್ಯಾಲೇ ಅದ್ರೀ!"

ಹೊರಸಿನ ಮೇಲೆ ಮಲಗಿದ್ದ ಕಾವೇರಿಬಾಯಿ ಆಗ ಮೊದಲ ಸಲ ಬಾಯಿ ಬಿಟ್ಟಳು. ದನಿ ಸಣ್ಣದಾಗಿತ್ತು. "ಅತ್ಯಾರ, ಮೊದಲು ಕೂಸು ಆಕಿ ಕೈಯಾಗ ಕೊಡ್ರಿ."

"ಇನ್ನೂ ಪುಣ್ಯಾಹ ಆಗಿಲ್ಲ. ಆಕಿ ಮುಟ್ಟಿದ್ರ..."

"ನಾವು ಮೂರೂ ಮಂದಿ ಮಣ್ಣಾಗ ಹೋದ ಮ್ಯಾಲೆ ಪುಣ್ಯಾಹ ಯಾರಿಗ್ರಿ ಅತ್ಯಾರ?"

ಮಾನಮ್ಮ ಉತ್ತರಕ್ಕೆ ಕಾಯಲಿಲ್ಲ. ಬೆಳಕಿಂಡಿಯ ಸುತ್ತಲಿನ ಮಣ್ಣನ್ನು ಕೈಯಿಂದಲೇ ಕಿತ್ತು ಅಗಲ ಮಾಡಿದಳು. ಸದ್ದು ಕೇಳಿ ವಾಹಿದಾ ತನ್ನ ಮಾಳಿಗೆಯ ಅಂಚಿಗೆ ಬಂದು ನಿಂತಿದ್ದಳು. ಅವಳ ಕಡೆ ತಿರುಗಿ, "ವಾಹಿದವ್ವಾ, ನಿಮ್ಮ ಬಾವಿ ಹಗ್ಗ ಒಗಿ!" ಎಂದಳು.

"ಯಾ ಅಲ್ಲಾ, ತಗೋ! ಈ ಕಡಿ ಬಾ, ನಮ್ಮ ಮಾಳಿಗಿ ಗಟ್ಟಿ ಅದ."

ಹಗ್ಗ ಕಟ್ಟಿದ ಮಣ್ಣಿನ ಪುಟ್ಟಿ ಕತ್ತಲೆಗೆ ಇಳಿಯಿತು. ಕೆಳಗೆ ಏನಾಗುತ್ತಿದೆ ಎಂದು ಮಾನಮ್ಮನಿಗೆ ಕಾಣಲಿಲ್ಲ. ಹಗ್ಗ ಹಗುರವಾಗಿಯೇ ಇತ್ತು. ತೊಲೆ ಮತ್ತೊಮ್ಮೆ ನರಳಿತು. "ಅವ್ವಾರ!" ಎಂದಳು. ಆಮೇಲೆ ಹಗ್ಗಕ್ಕೆ ತೂಕ ಬಂತು.

ಹಳೆಯ ಸೀರೆಯಲ್ಲಿ ಸುತ್ತಿ, ಮೇಲೊಂದು ಮೊರ ಮುಚ್ಚಿದ್ದ ಕೂಸು ಕಿಂಡಿಯ ಬಾಯಿಗೆ ಬಂದಾಗ ಅಳುತ್ತಿರಲಿಲ್ಲ. ಅದೇ ಮಾನಮ್ಮನಿಗೆ ಭಯ. ಪುಟ್ಟಿಯನ್ನು ಎದೆಗೆ ಅವುಚಿಕೊಂಡು, ಸದ್ದು ತೋರಿಸಿದ್ದ ಗೋಡೆಯ ನೆತ್ತಿಯನ್ನೇ ಹಿಡಿದು, ಒಂದು ಕಾಲಿನ ಮುಂದೆ ಇನ್ನೊಂದು ಕಾಲಿಡುತ್ತ ನಡೆದಳು. ವಾಹಿದಾ ಕೈ ಚಾಚಿ ಪುಟ್ಟಿ ತೆಗೆದುಕೊಂಡು ಮೊರ ಎತ್ತಿದಳು. ಮುಖಕ್ಕೆ ಮಳೆಹನಿ ಬಿದ್ದದ್ದೇ ಕೂಸು ಚೀರಿತು.

"ಕೇಳ್ರೀ ಬಾಯಿ, ನಿಮ್ಮ ಮೊಮ್ಮಗನ ಮಂಗಳಾರತಿ!" ವಾಹಿದಾ ಕಿಂಡಿಯ ಕಡೆ ಕೂಗಿದಳು. ಕೆಳಗೆ ಕಾವೇರಿಬಾಯಿ ಅತ್ತದ್ದು ಮೇಲಕ್ಕೆ ಕೇಳಿಸಿತು.

ಉಳಿದ ಕೆಲಸ ಅವಸರ ಮಾಡುವಂಥದ್ದಲ್ಲ. ಒಂದೇ ಕಡೆ ಮಣ್ಣು ತೆಗೆದರೆ ಇನ್ನೊಂದು ಕಡೆಯ ಭಾರಕ್ಕೆ ತೊಲೆ ಹೊರಳುತ್ತದೆ. ಸೀಳು ಎಲ್ಲಿದೆ, ಎಷ್ಟು ಬಾಯಿ ಬಿಟ್ಟಿದೆ ಎನ್ನುವುದು ಭಾಗೀರಥಿಬಾಯಿಗೆ ಮಾತ್ರ ಕಾಣುತ್ತಿತ್ತು. ಮದುವೆಯಾಗಿ ಬಂದಾಗಿನಿಂದ, ಮಕ್ಕಳನ್ನು ಹೆತ್ತಾಗಲೆಲ್ಲ, ಅವರು ಮಲಗಿ ನೋಡಿದ್ದು ಅದೇ ತೊಲೆಯನ್ನು. ಅವರು ಒರಳುಕಲ್ಲನ್ನು ತೊಲೆಯ ಕೆಳಗೆ ಉರುಳಿಸಿ, ಅದರ ಮೇಲೆ ಒನಕೆ ನಿಲ್ಲಿಸಿ, ಸೀಳಿದ ಜಾಗಕ್ಕೆ ಆನಿಸಿ, ಎರಡೂ ಕೈಯಲ್ಲಿ ತಬ್ಬಿ ನಿಂತರು. ಇನ್ನು ತಟ್ಟುವಂತಿಲ್ಲ. ಬಾಯಿಮಾತೊಂದೇ ದಾರಿ.

"ಎಡಕ್ಕ ತಗಿ. ಸಾಕು. ಬಲಕ್ಕ."

"ಈಗ್ರೀ?"

"ನಿಲ್ಲು, ನಿಲ್ಲು! ...ಹೂಂ, ತಗಿ."

ಓಣಿಯಲ್ಲಿ ಕೆಸರು ಬೀಳುವ ಸದ್ದಿಗೆ ಬಾಗಿಲು ಒಂದೊಂದೇ ತೆರೆದವು. ಪ್ರಾಣೇಶಾಚಾರ್ಯರು ಕೊಪ್ಪೆ ಬಿಸಾಡಿ, ಪಂಚೆ ಎತ್ತಿ ಕಟ್ಟಿ ನಿಚ್ಚಣಿಕೆಯ ಮೇಲೆ ನಿಂತರು. ಮಾನಮ್ಮ ಅಂಚಿಗೆ ತಳ್ಳಿದ ಮಣ್ಣನ್ನು ಎರಡೂ ಕೈಯಿಂದ ಬಾಚಿ ಕೆಳಗೆ ಚೆಲ್ಲಿದರು. ಮಣ್ಣು ಹೋದಂತೆ ಮಳೆ ನೇರ ಕೋಣೆಗೇ ಇಳಿಯತೊಡಗಿತು. ಭಾಗೀರಥಿಬಾಯಿಯ ತಲೆ, ಹೊರಸು, ಹಾಸಿಗೆ ಎಲ್ಲ ತೊಯ್ದವು. ಜ್ವರದ ಬಾಣಂತಿಯನ್ನು ನೆನೆಯಲು ಬಿಡುವುದೋ, ಮಣ್ಣಿನಡಿ ಬಿಡುವುದೋ? ಕಾವೇರಿಬಾಯಿ ತಾನೇ ಹೊರಸಿನಿಂದ ಜಾರಿ ಅದರ ಅಡಿಗೆ ಸರಿದು, "ನಾ ಇಲ್ಲಿ ಅದೀನಿ, ನೀವು ನಡಸ್ರಿ" ಎಂದಳು.

ತೊಗರಿ ಕಟ್ಟಿಗೆ ಕಾಣುವಷ್ಟು ಮಣ್ಣು ಹೋದಾಗ ಗೋಡೆ ಒಂದು ಉಸಿರು ಬಿಟ್ಟಂತೆ ಸದ್ದು ಮಾಡಿತು. ಎಲ್ಲರೂ ಕಲ್ಲಾದರು. ಬಿದ್ದದ್ದು ಏನೂ ಇಲ್ಲ. ಚೌಕಟ್ಟಿನ ಬಿಗಿ ಸಡಿಲಾಗಿತ್ತು. ಪ್ರಾಣೇಶಾಚಾರ್ಯರು ಇಳಿದು ಹೋಗಿ, ಈ ಸಲ ಗುದ್ದದೆ, ಬೆರಳ ತುದಿಯಿಂದ ಎಂಬಂತೆ ಬಾಗಿಲು ನೂಕಿದರು. ಅದು ತೆರೆಯಿತು. ಹೆಂಡತಿಯನ್ನು ಎತ್ತಿಕೊಂಡು ಪಡಸಾಲೆಗೆ ಬಂದರು. ಭಾಗೀರಥಿಬಾಯಿಯ ಕೈಗಳು ಒನಕೆಯನ್ನು ಬಿಡಲೊಲ್ಲವು. ಅವರನ್ನು ಮಗ ತೋಳು ಹಿಡಿದೇ ಕರೆತರಬೇಕಾಯಿತು.

ಮರುದಿನ ಬಿಸಿಲು ಬಂತು. ಕಾವೇರಿಬಾಯಿಯ ಜ್ವರ ಮಾತ್ರ ಬಹಳ ದಿನ ಬಿಡಲಿಲ್ಲ. ಆದರೂ ಅವಳು ಉಳಿದಳು. ಕೂಸಿಗೆ ವಿಠ್ಠಲ ಎಂದು ಹೆಸರಿಟ್ಟರು. ಹಳ್ಳ ಇಳಿದ ಮೇಲೆ ಬಂದ ಅಯ್ಯಪ್ಪ, ದೇವದುರ್ಗದಲ್ಲೂ ಅರಕೇರಾದಲ್ಲೂ ಮಾಳಿಗೆಗಳು ಕುಸಿದ ಸುದ್ದಿ ತಂದ. ಹೆಂಡತಿಯ ಸುದ್ದಿಯನ್ನು ಓಣಿಯ ಮಂದಿ ಅವನಿಗೆ ದಾರಿಯಲ್ಲೇ ಹೇಳಿದ್ದರು. "ಮಂದಿ ಮಾಳಿಗಿಗೆ ಮಣ್ಣು ಹಾಕೂ ಹೆಂಗಸು ಇದ್ದಿ. ಈಗ ಮಣ್ಣು ಕೀಳೂ ಹೆಂಗಸು ಆದ್ಯೇನ?" ಎಂದು ನಕ್ಕ. ಮಾನಮ್ಮ ನಗಲಿಲ್ಲ. ಒಂದೇ ಯೋಚನೆ ಅವಳ ತಲೆಯಲ್ಲಿತ್ತು. ಆ ಕೊನೆಯ ಪುಟ್ಟಿಯನ್ನು ಬೋರಲು ಹಾಕಿದ ಕೈ ತನ್ನದು.

ಮುಂದಿನ ಮುಂಗಾರಿಗೆ ಮೊದಲು ಮಣ್ಣು ಹಾಕಲು ಕರೆ ಬಂದಾಗ ಅವಳು ಎಲ್ಲರಿಗೂ ಒಂದೇ ಮಾತು ಹೇಳಿದಳು: "ತೊಲಿ ಒಳಗಿಂದ ನೋಡ್ತೀನ್ರಿ. ನೋಡ್ಲಾರ್ದೆ ಮ್ಯಾಲೆ ಹತ್ತಂಗಿಲ್ಲ." ಕೆಲವರು ಬೈದರು. ಕೆಲವರು ಬೇರೆಯವರನ್ನು ಕರೆಸಿಕೊಂಡರು. ಆ ವರ್ಷ ಮನೆಗೆ ಬಂದ ಜೋಳ ಕಡಿಮೆ.

ಆಚಾರ್ಯರ ಮನೆಯ ಹೊಸ್ತಿಲಲ್ಲಿ ಭಾಗೀರಥಿಬಾಯಿ ಬಹಳ ಹೊತ್ತು ನಿಂತಿದ್ದರಂತೆ. ಆಮೇಲೆ ಪಕ್ಕಕ್ಕೆ ಸರಿದು, "ಬಾ. ಆ ಖೋಲಿ" ಎಂದರು. ಮಾನಮ್ಮ ಕೈ ಕಟ್ಟಿಕೊಂಡು ಏನನ್ನೂ ಮುಟ್ಟದೆ ಒಳಗೆ ಹೋಗಿ ಕತ್ತೆತ್ತಿ ನೋಡಿದಳು. ಸೀಳಿದ ತೊಲೆಗೆ ಕಬ್ಬಿಣದ ಪಟ್ಟಿ ಬಿಗಿದಿದ್ದರು. ಅದರ ಕೆಳಗೆ ಒರಳುಕಲ್ಲಿನ ಮೇಲೆ ಆ ಒನಕೆ ಹಾಗೆಯೇ ನಿಂತಿತ್ತು. ಅವಳು ಹೊರಗೆ ಬಂದ ಮೇಲೆ ಭಾಗೀರಥಿಬಾಯಿ ಅವಳು ನಡೆದ ದಾರಿಗೆ ನೀರು ಚಿಮುಕಿಸಿದರು. ಮಾನಮ್ಮ ನಿಚ್ಚಣಿಕೆಯ ಮೇಲಿಂದ ಅದನ್ನು ಕಂಡಳು.

"ಸಿಟ್ಟು ಬರಲಿಲ್ಲೇನವ್ವಾ?" ಎಂದು ನನ್ನ ತಾಯಿ ಒಮ್ಮೆ ಕೇಳಿದ್ದಳು.

"ಬಂತು. ಆದ್ರ ತೊಲಿ ನೋಡಿ ಬಂದಿದ್ದೆ" ಎಂದಳು ಮಾನಮ್ಮ. "ಆ ವರ್ಷ ನಾ ಹತ್ತಿದ ಮಾಳಿಗಿಗೆಲ್ಲಾ ಹಳೇದು ಕಿತ್ತಿ, ಒಂದೇ ಪದರ ಹಾಕಿದೆ."