ಪಟ್ಟೆ ಮೀನಿಗೆ ರೌಡಿಯೆಂಬ ಹೆಸರು

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ನೆಲ ಒರೆಸುವ ಅಕ್ಕನಿಗೆ ಸಿಟ್ಟು ಬರುವುದು ಅಪರೂಪ. ಆದರೆ ಅಂದು ಬೆಳಿಗ್ಗೆ ಅವಳ ಮೈಯೆಲ್ಲ ಉರಿದುಹೋಯಿತು.

ರೋಗಿಗಳು ಕಾಯುವ ಕೋಣೆಯ ಗಾಜಿನ ತೊಟ್ಟಿಯಲ್ಲಿ ಉದ್ದ ರೆಕ್ಕೆಯ ಏಂಜೆಲ್ ಮೀನೊಂದಿತ್ತು. ಡಾಕ್ಟರು ಅದರ ಜೊತೆಗೆ ಕಪ್ಪು ಪಟ್ಟೆಯ ಎರಡು ಟೈಗರ್ ಬಾರ್ಬ್ ಮೀನುಗಳನ್ನು ತಂದು ಬಿಟ್ಟಿದ್ದರು. ಅವು ಕಚ್ಚಿ ಕಚ್ಚಿ ವಾರದೊಳಗೆ ಏಂಜೆಲ್ಲಿನ ರೆಕ್ಕೆ ಹರಿದ ಬಾವುಟದಂತಾಗಿತ್ತು.

"ಈ ರೌಡಿಗಳನ್ನ ಟಾಯ್ಲೆಟ್ಟಿಗೆ ಸುರಿದು ಫ್ಲಶ್ ಮಾಡಮ್ಮ," ಎಂದರು ಡಾಕ್ಟರು, ಕೈಗವಸು ಹಾಕಿಕೊಳ್ಳುತ್ತ.

ಅಕ್ಕ ಒರೆಸುವ ಕೋಲನ್ನು ಗೋಡೆಗೆ ಒರಗಿಸಿದಳು. "ರೌಡಿಗಳಲ್ಲ ಸಾರ್! ಇವು ಗುಂಪಲ್ಲಿ ಓಡಾಡೋ ಮೀನು. ಎಂಟು ಹತ್ತು ಇದ್ರೆ ತಮ್ತಮ್ಮಲ್ಲೇ ಅಟ್ಟಾಡಿಸ್ಕೊಂಡು ಇರ್ತವೆ. ಎರಡೇ ತಂದು, ಆ ನಿಧಾನದ ಮೀನಿನ ಜೊತೆ ಕೂಡಿಹಾಕಿದ್ದು ಯಾರು? ತಪ್ಪು ನಿಮ್ದು, ಶಿಕ್ಷೆ ಅವಕ್ಕಾ?"

ದವಡೆ ಊದಿಸಿಕೊಂಡು ಕೂತಿದ್ದ ಹಿರಿಯರೊಬ್ಬರು ನೋವು ಮರೆತು ನಕ್ಕರು. ಡಾಕ್ಟರ ಮುಖ ಕೆಂಪೇರಿತು. "ಹಾಗಾದ್ರೆ ನೀನೇ ಸಾಕ್ಕೋ!"

"ಸಾಕ್ದೆ ಬಿಡ್ತೀನಾ?"

ಸಂಜೆ ಅವಳು ಅವನ್ನು ಮುಚ್ಚಳದ ಬಕೆಟ್ಟಿನಲ್ಲಿ ಮನೆಗೆ ಒಯ್ದಳು. ಅಲ್ಲಿ ಮಂಚದಷ್ಟು ಉದ್ದದ ತೊಟ್ಟಿಯಲ್ಲಿ ಅವಳದೇ ಹತ್ತು ಬಾರ್ಬ್‌ಗಳಿದ್ದವು. ಹೊಸ ಮೀನುಗಳೆರಡೂ ಅರ್ಧ ಗಂಟೆ ಮೂಲೆ ಹಿಡಿದು ನಿಂತು, ಆಮೇಲೆ ಗುಂಪಿಗೆ ನುಗ್ಗಿದವು. ಹನ್ನೆರಡೂ ಆ ತುದಿಯಿಂದ ಈ ತುದಿಗೆ ಒಟ್ಟಿಗೇ ಹರಿದಾಡಿದವು.

"ನೋಡಿ, ನಮ್ಮ ಡಾಕ್ಟರಿಗೆ ಇವು ರೌಡಿಗಳಂತೆ!" ಎಂದು ಗಂಡನೆದುರು ಮತ್ತೆ ಸಿಡಿದಳು.

"ಹೋಗ್ಲಿ ಬಿಡೇ, ಪಾಪ ಅವರಿಗೇನು ಗೊತ್ತು?"

"ಗೊತ್ತಿಲ್ಲಾಂದ್ರೆ ತರೋ ಮುಂಚೆ ಕೇಳ್ಬೇಕು. ಹಲ್ಲು ಕೀಳೋವಾಗ ಯಾವ ಹಲ್ಲು ಅಂತ ನೋಡ್ದೆ ಕೀಳ್ತಾರಾ?"