ಹಗೇವಿನ ಬಾಯಲ್ಲಿ ನಾಯಿ ಬೊಗಳಿದ್ದು

ನನ್ನ ಸೊಸೆಯನ್ನು ಉಳಿಸಿದ್ದು ನಾಯಿಯಲ್ಲ. ತಾವರಗೇರಾ ಸಂತೆಯಲ್ಲಿ ಹಾಗಂತ ಹೇಳುತ್ತಾರೆ, ಹೇಳಲಿ. ನಾಯಿ ಬೊಗಳಿತು, ಅಷ್ಟೆ. ಯಾಕೆ ಬೊಗಳಿತು ಅಂತ ತಿಳಿಯದೆ ಹೋಗಿದ್ದರೆ ಅವತ್ತು ಹೆಣ ಎತ್ತುತ್ತಿದ್ದೆವು.

ನಮ್ಮ ಹಿತ್ತಲಲ್ಲಿ ಹಗೇವು ಇದೆ, ನೆಲ ತೋಡಿ ಜೋಳ ತುಂಬಿಡುವ ಕುಣಿ. ಬಾಯಿ ತೆರೆದ ದಿನ ಅದಕ್ಕೆ ಯಾರೂ ಇಳಿಯುವುದಿಲ್ಲ. ಒಳಗಿನ ಗಾಳಿ ಕೆಟ್ಟಿರುತ್ತದೆ, ಉಸಿರು ಕಟ್ಟುತ್ತದೆ. ಅವತ್ತು ಮುಂಜಾನೆ ಬಾಯಿಯ ಕಲ್ಲು ಸರಿಸಿ, "ನಾಳಿಗೆ ಇಳಿದ್ರಾತು" ಎಂದಿದ್ದೆ. ಸೊಸೆ ಸಿದ್ದಾಪುರದ ಕಡೆಯವಳು, ಭತ್ತದ ಮನೆ, ಹಗೇವು ಕಂಡವಳಲ್ಲ. ಮುದುಕಿ ಒಳ್ಳೆಯ ದಿನ ನೋಡುತ್ತಿದ್ದಾಳೆ ಅಂದುಕೊಂಡಳಂತೆ. ಮನೆಯಲ್ಲಿ ಹಿಟ್ಟು ಮುಗಿದಿತ್ತು. ಬುಟ್ಟಿ ಹಿಡಿದು ಇಳಿದೇಬಿಟ್ಟಳು. ನಮಗೆ ಗೊತ್ತಿಲ್ಲ.

ಮಧ್ಯಾಹ್ನ ನಾಯಿ ಶುರುಮಾಡಿತು.

"ಹಾವು ಹೊಕ್ಕಿರಬೇಕ ಬೇ," ಎಂದು ಮಗ ಬಡಿಗೆ ತಂದ.

ನೆರೆಯಾಕೆ ಗೋಡೆ ಮೇಲಿಂದ ನಕ್ಕಳು. "ನಿಮ್ಮ ನಾಯಿಗೆ ಹಗ್ಗ ಕಂಡ್ರೂ ಹಾವ ಐತ್ರಿ. ಅದರ ಬಾಯಿಗೊಂದು ರೊಟ್ಟಿ ತುರುಕ್ರಿ!"

ಹಾವು ಕಂಡ ನಾಯಿ ಹಿಂದಕ್ಕೆ ಜಿಗಿಯುತ್ತಾ ಬೊಗಳುತ್ತದೆ. ಪರ ಊರಿನವರನ್ನು ಕಂಡರೆ ಮೈಮೇಲೆ ಬರುತ್ತದೆ. ಇದು ಎರಡೂ ಅಲ್ಲ. ಕುಣಿಯೊಳಗೆ ಮೂತಿಯಿಟ್ಟು ಬೊಗಳಿ ಸುಮ್ಮನಾಗುತ್ತಿತ್ತು. ಕಿವಿ ನಿಮಿರಿಸಿ ಕಾಯುತ್ತಿತ್ತು. ಮತ್ತೆ ಬೊಗಳುತ್ತಿತ್ತು. ಯಾರನ್ನೋ ಕೂಗಿ, ಓ ಅನ್ನಲಿ ಎಂದು ನಿಂತ ಹಾಗೆ.

"ನಿನ್ನ ಹೇಂತಿ ಎಲ್ಲಿ ಅದಾಳೋ?" ಅಂದೆ.

ಬಡಿಗೆ ಬಿತ್ತು. ಹಗೇವಿಗೆ ಹಾರಲು ಓಡಿದವನ ಅಂಗಿ ಹಿಡಿದೆ.

"ಬಿಡ ಬೇ! ಸಾಯ್ತಾಳಾಕಿ!"

"ಹಂಗ ಹಾರಿದ್ರ ನೀನೂ ಸಾಯ್ತಿ. ಸೊಂಟಕ್ಕ ಹಗ್ಗ ಕಟ್ಟಿಕೋ. ಉಸಿರು ಹಿಡಿದು ಇಳಿ. ಆಕಿನ ಗಟ್ಟಿ ಹಿಡಕೋ, ನಾವು ಜಗ್ತೀವಿ."

ನೆರೆಯಾಕೆ ಕಿರುಚಿ ಓಣಿಯ ಗಂಡಸರನ್ನು ಕರೆದಳು. ಮೊದಲ ಸಲ ಮಗ ಬರಿಗೈಯಲ್ಲಿ ಬಂದ. ಕಣ್ಣು ಕೆಂಪಗಾಗಿದ್ದವು. ಮಾತಾಡಲು ಬಿಡದೆ ಮತ್ತೆ ಇಳಿಸಿದೆ. ಎರಡನೇ ಸಲ ಹಗ್ಗ ಭಾರವಾಗಿತ್ತು. ಮೇಲೆ ಬಂದ ಸೊಸೆಯ ತುಟಿ ನೇರಳೆ ಹಣ್ಣಿನ ಬಣ್ಣ. ಬೆನ್ನಿಗೆ ಗುದ್ದಿದೆ. ಕೆಮ್ಮಿದಳು. ಸಿಕ್ಕ ಗಾಡಿಗೆ ಹಾಕಿಕೊಂಡು ಹೊರಟೆವು.

ಸಂಜೆ ಕೊಪ್ಪಳದ ಆಸ್ಪತ್ರೆಯಲ್ಲಿ ಕಣ್ಣುಬಿಟ್ಟು ಕೇಳಿದಳು: "ಯಾಕ ಇಳೀಬಾರ್ದು ಅಂತ ಒಂದ್ ಮಾತು ಹೇಳಿದ್ರ ನಿಮ್ಮ ಗಂಟೇನು ಹೋಗ್ತಿತ್ರಿ, ಅತ್ತಿ?"

"ಸುಮ್ನ ಮಲಕೋ," ಅಂದೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಊರಿಗೆ ಬಂದು, ಕಂದೀಲು ಹಚ್ಚಿ ಹಗೇವಿಗೆ ಇಳಿಬಿಟ್ಟೆ. ಫಕ್ಕನೆ ಆರಿತು. ನಾನು ಹೇಳಿದ ನಾಳೆಗೂ ಒಳಗಿನ ಗಾಳಿ ತಿಳಿಯಾಗಿರಲಿಲ್ಲ. ಯಾರೂ ಇಳಿಯದಂತೆ ಬಾಯಿಗೆ ಜಾಲಿಮುಳ್ಳು ಹೇರಿ, ನೆರೆಯಾಕೆಯ ಮನೆಯಿಂದ ಹಿಟ್ಟು ತಂದು ರೊಟ್ಟಿ ಬಡಿದೆ.